ಷರಾ ಕಾಲಮ್ಮಿನಲ್ಲಿ ನಿಂತ ಮೊಪೆಡ್ಡು

ಅರ್ಧ ಮುಖಕ್ಕೆ ಸೋಪಿನ ನೊರೆ. ಇನ್ನರ್ಧ ನುಣ್ಣಗೆ. ಸೊಂಟಕ್ಕೆ ಲುಂಗಿ, ಹೆಗಲ ಮೇಲೆ ಟವೆಲ್ಲು. ಅದೇ ಅವತಾರದಲ್ಲಿ ಮೊಪೆಡ್ ಏರಿ, ನನ್ನ ಮೊಣಕೈ ಸವರಿಕೊಂಡೇ ಒಬ್ಬ ಮನುಷ್ಯ ಓಡಿಹೋದ. ಹಿಂದೆ ಕಟ್ಟಿದ್ದ ಪ್ಲಾಸ್ಟಿಕ್ ಬಾಕ್ಸಿನಿಂದ ದಾರಿಯುದ್ದಕ್ಕೂ ನೀರು ಚೆಲ್ಲುತ್ತಿತ್ತು.

ನಾನೇನು ಮಾಡಿದ್ದೆ? ಏನೂ ಇಲ್ಲ. ಬಸ್ಸಿಳಿದು ನಡೆದು ಬಂದಿದ್ದೆ. ಇಸ್ತ್ರಿ ಹಾಕಿದ ಅಂಗಿಯನ್ನು ಇನ್‌ಶರ್ಟ್ ಮಾಡಿದ್ದೆ. ಕಂಕುಳಲ್ಲೊಂದು ಫೈಲಿತ್ತು. ಅಷ್ಟೇ.

ಕಡಹಿನಬೈಲು ದಾಟಿ ಹಿನ್ನೀರಿನ ಕಡೆಗೆ ಇಳಿಯುವ ಮಣ್ಣು ರಸ್ತೆ ಅದು. ಹತ್ತು ಹನ್ನೆರಡು ಮನೆ. ನಾವು ಮೊದಲ ಮನೆ ಮುಟ್ಟುವಷ್ಟರಲ್ಲಿ ಅಂಗಳಗಳೆಲ್ಲ ಖಾಲಿ. ಒಂದು ಬೈಕು ಸೌದೆ ಕೊಟ್ಟಿಗೆಗೆ ಹೋಯಿತು. ಇನ್ನೊಂದರ ಮೇಲೆ ಒಬ್ಬ ಹೆಂಗಸು ಕಂಬಳಿ ಹೊದೆಸಿ, ಅದರ ಮೇಲೆ ಹಪ್ಪಳದ ತಟ್ಟೆ ಇಟ್ಟು, ಕಾಗೆ ಓಡಿಸುವವರ ಹಾಗೆ ಪಕ್ಕದಲ್ಲಿ ಕೂತಳು. (ಹಪ್ಪಳ ಒಣಗಿಸಲು ಕನ್ನಡಿಗಳಿರುವ ಕಟ್ಟೆಯನ್ನು ಅವತ್ತೇ ಮೊದಲು ನೋಡಿದ್ದು.)

ಜೊತೆಗಿದ್ದ ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ನಾಗರಾಜನಿಗೆ ನಗು ತಡೆಯಲಾಗಲಿಲ್ಲ. “ನಿನ್ನ ಕಂಡ್ರೆ ಮಕ್ಳು ಓಡೋದು ಗೊತ್ತಿತ್ತು ಮಾರಾಯ. ಬೈಕೂ ಓಡ್ತಾವಾ?”

ನಾವು ಹೋಗಿದ್ದು ರೇಷನ್ ಕಾರ್ಡಿನ ತಪಾಸಣೆಗೆ. ಮೇಷ್ಟ್ರ ಕೆಲಸ ಪಾಠ ಮಾಡುವುದು ಅಂತ ಇನ್ನೂ ನಂಬಿರುವ ಓದುಗರಿಗೆ ಹೇಳುತ್ತೇನೆ: ಜನ ಎಣಿಸುವುದು, ದನ ಎಣಿಸುವುದು, ಓಟಿನ ಪಟ್ಟಿ, ಈಗ ಯಾರು ಬಡವರು ಯಾರು ಅಲ್ಲ ಅಂತ ಗುರುತು ಹಾಕುವುದು, ಎಲ್ಲವೂ ನಮ್ಮದೇ. ಉಳಿದ ಟೈಮಿನಲ್ಲಿ ಪಾಠ.

ಅರ್ಧ ಗಂಟೆಯ ಮೇಲೆ ಆ ನೊರೆಯ ಮುಖ ವಾಪಸು ಬಂತು. ಬಂದಿರುವುದು ಮೇಷ್ಟ್ರುಗಳು ಅಂತ ಯಾರೋ ಹೇಳಿದ್ದರು. ನೊರೆ ಅಷ್ಟು ಹೊತ್ತಿಗೆ ಒಣಗಿ, ಸುಣ್ಣ ಬಳಿದ ಗೋಡೆಯ ಹಾಗೆ ಉದುರುತ್ತಿತ್ತು.

“ಥೋ, ನೀವಾ ಮೇಷ್ಟ್ರೇ! ಸೀಜಿಂಗ್‌ನೋರು ಅಂದ್ಕಂಡೆ.”

ಶೇಖರ. ನಮ್ಮಲ್ಲಿ ಏಳನೇ ಕ್ಲಾಸು ಓದಿದವನು. ಈಗ ಮೂವತ್ತರ ಮೇಲಾಗಿದೆ. ಬೆಳಿಗ್ಗೆ ಹಿನ್ನೀರಿನ ದಡದಲ್ಲಿ ಮೀನು ಕೊಂಡು, ಮೊಪೆಡ್ಡಿನಲ್ಲಿ ಶೆಟ್ಟಿಕೊಪ್ಪದ ಮೇಲೆ ಮನೆ ಮನೆಗೆ ಮಾರುತ್ತಾ ಕೊಪ್ಪ ಮುಟ್ಟುತ್ತಾನೆ. ಉಳಿದದ್ದನ್ನು ಅಲ್ಲಿಯ ಊಟದ ಹೋಟೆಲಿಗೆ ಕೊಟ್ಟು ಬರುತ್ತಾನೆ. ಮನೆಯಲ್ಲಿ ಅವನು, ಅವನ ಅಮ್ಮ ದ್ಯಾವಮ್ಮ. ಇಬ್ಬರೇ.

ಸೀಜಿಂಗ್‌ನೋರು ಅಂದರೆ ಯಾರು ಅಂತ ಬಿಡಿಸಿ ಹೇಳಬೇಕೇ? ಸಾಲದ ಕಂತು ನಿಂತರೆ ಗಾಡಿ ಎತ್ತಿಕೊಂಡು ಹೋಗುವವರು. ಈ ವರ್ಷ ನಮ್ಮ ಮೂರು ತಾಲೂಕಿನಲ್ಲಿ ಪೋಸ್ಟ್‌ಮ್ಯಾನ್‌ಗಿಂತ ಹೆಚ್ಚು ಮನೆಗಳ ದಾರಿ ಗೊತ್ತಿರುವುದು ಅವರಿಗೇ. ಇನ್‌ಶರ್ಟ್, ಫೈಲು, ಇಬ್ಬರು ಗಂಡಸರು. ನಾವೂ ಹಾಗೇ ಕಂಡಿದ್ದೆವು.

ನಾನು ಫಾರಂ ತೆಗೆದೆ. ಗೋಡೆ ಮಣ್ಣಿನದ್ದೋ ಇಟ್ಟಿಗೆಯದ್ದೋ, ಗ್ಯಾಸ್ ಇದೆಯೋ, ಎಲ್ಲ ಕೇಳಿ ಆ ಸಾಲಿಗೆ ಬಂದೆ. ಮೋಟಾರು ವಾಹನ ಇದೆಯೇ? ಹೌದು. ಇಲ್ಲ. ಯಾವುದಾದರೂ ಒಂದಕ್ಕೆ ಗುರುತು. ಹೌದು ಅಂದರೆ ಬಡವರ ಕಾರ್ಡು ಹೋಗುತ್ತದೆ.

ಶೇಖರ ಮೊಪೆಡ್ಡಿನ ಮೇಲೆ ಕೂತೇ ಹೇಳಿದ, “ಇದು ನಂದಲ್ಲ ಸಾರ್. ನಮ್ ಭಾವಂದು.”

ಒಳಗಿನಿಂದ ದ್ಯಾವಮ್ಮನ ದನಿ ಬಂತು. “ನಿಂಗೆ ಅಕ್ಕ ತಂಗಿನೇ ಇಲ್ಲ, ಮದ್ವೆನೂ ಆಗಿಲ್ಲ. ಭಾವ ಎಲ್ಲಿಂದ ಹುಟ್ಟಿದ್ನೋ?”

“ನೀ ಸುಮ್ನಿರಮ್ಮ ಒಂಚೂರು!”

“ಮೇಷ್ಟ್ರ ಹತ್ರ ಸುಳ್ಳು ಹೇಳ್ಬೇಡ. ಕಲ್ಸಿದೋರು ಅವ್ರು.”

ಸುಳ್ಳು ಬೇಡ, ಸರಿ. ನಿಜ ಏನು? ಎರಡು ವರ್ಷದ ಹಿಂದೆ ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ ಫೈನಾನ್ಸ್ ಕಂಪನಿಯವರು ಬಣ್ಣದ ಕೊಡೆ ನೆಟ್ಟುಕೊಂಡು ಕೂತಿರುತ್ತಿದ್ದರಲ್ಲ, ನೆನಪಿದೆಯಾ? ಕೈಯಿಂದ ಒಂದು ರೂಪಾಯಿ ಕೊಡಬೇಡಿ, ಗಾಡಿ ಒಯ್ಯಿರಿ ಅನ್ನುತ್ತಿದ್ದರು. ಎರಡು ಫೋಟೋ, ವಿಳಾಸಕ್ಕೆ ಒಂದು ದಾಖಲೆ. ಶೇಖರನ ಹತ್ತಿರ ಇದ್ದ ಒಂದೇ ದಾಖಲೆ ಯಾವುದು? ರೇಷನ್ ಕಾರ್ಡು. ಅದರ ಜೆರಾಕ್ಸ್ ಕೊಟ್ಟು ಮೊಪೆಡ್ ತಂದ.

ಬಡವ ಅನ್ನುವ ಕಾರ್ಡು ತೋರಿಸಿ ಸಾಲ ತಂದ. ಈಗ ಆ ಸಾಲದ ಗಾಡಿ ತೋರಿಸಿ, ನೀನು ಬಡವ ಅಲ್ಲ ಅಂತ ನಾನು ಬರೆಯಬೇಕು. ಇದ್ಯಾವ ಲೆಕ್ಕ?

“ಕಂತು ಎಷ್ಟು ಬಾಕಿ?” ಕೇಳಿದೆ.

“ಮೂರು ನಿಂತದೆ ಸಾರ್. ಮೊದ್ಲು ಕಟ್ತಿದ್ದೆ, ತಪ್ಪದೆ. ಈಗ ಎಂತ ಆಯ್ತೋ ಗೊತ್ತಿಲ್ಲ. ಕೆಜಿ ತಗಳ್ಳೋರು ಅರ್ಧ ಕೆಜಿ ಅಂತಾರೆ. ಅರ್ಧ ಕೆಜಿ ಅನ್ನೋರು ಬಾಗ್ಲೇ ತೆಗ್ಯಲ್ಲ. ಹೋಟ್ಲೋರು ಬರೆದಿಟ್ಕ ಅಂತಾರೆ. ಬರೆದಿದ್ದು ತೋರ್ಸಿದ್ರೆ ಕಂತು ತಗಳ್ತಾರಾ?”

ದ್ಯಾವಮ್ಮ ಹೊಸಿಲಿಗೆ ಬಂದು ನಿಂತಳು. “ಮೇಷ್ಟ್ರೇ, ಗಾಡಿ ಹೋದ್ರೆ ದುಡ್ಮೆ ಹೋಗ್ತದೆ. ಕಾರ್ಡು ಹೋದ್ರೆ ಅಕ್ಕಿ ಹೋಗ್ತದೆ. ಎರಡ್ರಲ್ಲಿ ಒಂದು ಹೋದ್ರೂ ನಾವು ನಿಲ್ಲಲ್ಲ. ನೋಡಿ ಬರೀರಿ.”

ನೋಡಿ ಬರೆದೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲಿಗ ನಾನು. ಅಪ್ಪ ಸಾಮಿಲ್ಲಿನಲ್ಲಿ ದಿಮ್ಮಿ ಉರುಳಿಸುತ್ತಿದ್ದರು, ಅಮ್ಮ ಅಲ್ಲೇ ಹೊಟ್ಟು ಗುಡಿಸುತ್ತಿದ್ದಳು. ಯಾವ ಕಚೇರಿಗೆ ಹೋದರೂ ಅವರಿಬ್ಬರೂ ಬಾಗಿಲ ಹೊರಗೇ ನಿಲ್ಲುತ್ತಿದ್ದರು. ಫಾರಂ ಬರೆಯಲು ಬರುವವರ ಕೈಕಾಲು ಹಿಡಿಯುತ್ತಿದ್ದರು. ಹಾಗಾಗಿ ಫಾರಂ ಅಂದರೆ ನನಗೆ ಒಂದು ಹಟ. ಯಾವ ಫಾರಮ್ಮಿನಲ್ಲೂ ಬಡವನಿಗೆ ನುಸುಳಲು ಒಂದು ಸಂದಿ ಇರುತ್ತದೆ, ಓದಿದವನು ಅದನ್ನು ಹುಡುಕಿ ಕೊಡಬೇಕು ಅಂತ ನಂಬಿದವನು.

ಸಂದಿ ಸಿಕ್ಕಿತು. ಬಲತುದಿಯಲ್ಲಿ ‘ಷರಾ’ ಅಂತ ಒಂದು ಕಾಲಂ, ವಿಶೇಷವೇನಾದರೂ ಇದ್ದರೆ ಬರೆಯಲು. ವಾಹನಕ್ಕೆ ‘ಹೌದು’ ಗುರುತು ಹಾಕಿ (ಸುಳ್ಳು ಬರೆಯುವವನಲ್ಲ), ಷರಾದಲ್ಲಿ ದುಂಡಗೆ ಬರೆದೆ: ‘ಸದರಿ ವಾಹನವು ಸಾಲದ್ದಾಗಿದ್ದು, ಸಾಲ ತೀರುವವರೆಗೆ ಫೈನಾನ್ಸ್ ಕಂಪನಿಗೆ ಸೇರಿದ್ದಾಗಿರುತ್ತದೆ. ಕಾರ್ಡ್ ಮುಂದುವರಿಸಬಹುದು.’

ಓದಿ ಹೇಳಿದೆ. ನಾಗರಾಜ ತಲೆದೂಗಿದ. “ಲಾಯರ್ ಆಗ್ಬೇಕಿತ್ತು ಮಾರಾಯ ನೀನು.”

ಉಬ್ಬಿದೆ. ಸುಳ್ಳೇಕೆ ಹೇಳಲಿ?

ಅಲ್ಲಿಗೇ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಮರುತಪಾಸಣೆಗೆ ಮೇಲಿನವರು ಬರುವುದುಂಟು. ಅವರ ಮುಂದೆ ಮತ್ತೆ ‘ಭಾವಂದು’ ಅಂದರೆ ಕೆಟ್ಟಿತು. ಅದಕ್ಕೆ ದ್ಯಾವಮ್ಮನನ್ನು ಕೂರಿಸಿಕೊಂಡು, ಒಂದನೇ ಕ್ಲಾಸಿನವರಿಗೆ ಮಗ್ಗಿ ಕಲಿಸುವಂತೆ ಕಲಿಸಿದೆ. “ಯಾರೇ ಫೈಲ್ ಹಿಡ್ಕೊಂಡು ಬಂದು ಕೇಳಿದ್ರೂ ಹೆದರ್ಬೇಡಿ. ಗಾಡಿ ಬಚ್ಚಿಡ್ಬೇಡಿ. ಗಾಡಿ ನಮ್ದಲ್ಲ, ಫೈನಾನ್ಸ್‌ನೋರ್ದು, ಮೇಷ್ಟ್ರು ಬರ್ಕೊಂಡು ಹೋಗಿದ್ದಾರೆ ಅನ್ನಿ.”

“ಗಾಡಿ ನಮ್ದಲ್ಲ, ಫೈನಾನ್ಸ್‌ನೋರ್ದು.” ಅವಳು ಮೂರು ಸಲ ಹೇಳಿದಳು. ಮೂರೂ ಸಲ ಸರಿಯಿತ್ತು. ಕಪ್ಪು ಟೀ ಕೊಟ್ಟಳು. ಕುಡಿದು ಬಂದೆವು.

ಆಮೇಲೆ ಹತ್ತು ದಿನ ನನ್ನ ಪಾಡಿಗೆ ನಾನಿದ್ದೆ ಅನ್ನಲೇ? ಇಲ್ಲ. ಈಗೀಗ ಯಾರ ಪಾಡಿಗೆ ಯಾರೂ ಇಲ್ಲ. ಪೇಪರ್ ತೆರೆದರೆ ಆರ್ಥಿಕ ಹಿಂಜರಿತ. ಅಮೆರಿಕದಲ್ಲಿ ಬ್ಯಾಂಕು ಮುಳುಗಿತು, ಅಲ್ಲೆಲ್ಲೋ ಸಾವಿರಾರು ಜನರಿಗೆ ಕೆಲಸ ಹೋಯಿತು. ನಾಗರಾಜ ಸ್ಟಾಫ್‌ರೂಮಿನಲ್ಲಿ ಕೇಳುತ್ತಾನೆ, “ಎಂತದು ಮಾರಾಯ ಈ ಹಿಂಜರಿತ? ಅಮೆರಿಕದಿಂದ ಹೊರಟಿದ್ದು ಕೊಪ್ಪಕ್ಕೆ ಬಂದ್ರೆ ಯಾವ ಸ್ಟಾಪಲ್ಲಿ ಇಳೀತದೆ?”

ಇಳಿದಾಗಿದೆ ಅನ್ನಿಸುತ್ತದೆ. ಬಸ್‌ಸ್ಟ್ಯಾಂಡಿನ ಬಣ್ಣದ ಕೊಡೆ ಈಗಿಲ್ಲ. ಆ ಜಾಗದಲ್ಲಿ ‘ಚಿನ್ನದ ಮೇಲೆ ಐದೇ ನಿಮಿಷದಲ್ಲಿ ಸಾಲ’ ಅನ್ನುವ ಬೋರ್ಡು ಬಂದಿದೆ. ಶೃಂಗೇರಿಯಲ್ಲಿ ಬಳೆ, ಆಟದ ಸಾಮಾನಿನ ಅಂಗಡಿ ಇಟ್ಟಿರುವ ಗೆಳೆಯ ಹೇಳುತ್ತಾನೆ, ಯಾತ್ರಿಕರ ಬಸ್ಸು ಬರುವಷ್ಟೇ ಬರುತ್ತದಂತೆ, ಜನವೂ ಅಷ್ಟೇ ಇಳಿಯುತ್ತಾರಂತೆ. ಆದರೆ ಮಗು ಬೊಂಬೆ ಮುಟ್ಟಿದ ಕೂಡಲೇ ಅಪ್ಪ ಅದರ ಕೈ ಹಿಡಿದು ಎಳೆಯುತ್ತಾನಂತೆ. ನರಸಿಂಹರಾಜಪುರದ ಮಿಕ್ಸಿ ರಿಪೇರಿಯವನ ಅಂಗಡಿಯಲ್ಲಿ ಮಾತ್ರ ಕಾಲಿಡಲು ಜಾಗವಿಲ್ಲ. ಹೋದ ವರ್ಷ ಗುಜರಿಗೆ ಹಾಕುತ್ತಿದ್ದ ಮಿಕ್ಸಿಗಳನ್ನು ಜನ ಈ ವರ್ಷ ಹೊತ್ತು ತರುತ್ತಿದ್ದಾರೆ.

ನಮ್ಮ ಮನೆ? ಫ್ರಿಜ್ಜು ಕಂತಿನದು. ನನ್ನ ಬೈಕು ಕಂತಿನದು. ಹೋದ ವರ್ಷ ಶಿವಮೊಗ್ಗದ ಅಂಗಡಿಯೊಂದರ ಬಾಗಿಲಲ್ಲಿ ಒಬ್ಬಾಕೆ ನಗುನಗುತ್ತಾ “ಸರ್ ನೀವು ಗ್ರಾಜುಯೇಟಾ?” ಅಂತ ಕೇಳಿದಳು. ಅಷ್ಟು ಕೇಳಿದ್ದೇ ಸಾಕಾಯಿತು, ಕ್ರೆಡಿಟ್ ಕಾರ್ಡಿಗೆ ಸಹಿ ಹಾಕಿ ಬಂದೆ. (ಇಷ್ಟು ವರ್ಷದಲ್ಲಿ ಆ ಪ್ರಶ್ನೆಯನ್ನು ಅಷ್ಟು ಪ್ರೀತಿಯಿಂದ ಯಾರೂ ಕೇಳಿರಲಿಲ್ಲ.) ಈಗ ತಿಂಗಳ ಮೊದಲ ವಾರ ಸಂಬಳ ಬರುತ್ತದೆ, ಎರಡನೇ ವಾರದಲ್ಲಿ ಅದು ಬಂದಿತ್ತು ಅನ್ನುವುದಕ್ಕೆ ಪಾಸ್‌ಬುಕ್ಕಿನ ಗೆರೆ ಒಂದೇ ಸಾಕ್ಷಿ. ಶೇಖರನಿಗೂ ನನಗೂ ಇರುವ ವ್ಯತ್ಯಾಸ ಏನು? ನನ್ನ ಅಂಗಳಕ್ಕೆ ಇನ್ನೂ ಯಾರೂ ಫೈಲು ಹಿಡಿದು ಬಂದಿಲ್ಲ.

ಹನ್ನೊಂದನೇ ದಿನ ಬೂತಿನಿಂದ ಶೇಖರನ ಫೋನು.

“ಸಾರ್, ಗಾಡಿ ಹೋಯ್ತು.”

“ಕದ್ರಾ?”

“ಇಲ್ಲ ಸಾರ್. ಅಮ್ಮ ಕೊಟ್ಲು.”

ಸಂಜೆ ಹೋದೆ. ದ್ಯಾವಮ್ಮ ಜಗುಲಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಮೀನಿನ ಬಾಕ್ಸು, ಫಳಫಳ ತೊಳೆದದ್ದು. ನಡೆದದ್ದನ್ನು ಅವಳೇ ಹೇಳಿದಳು, ತಡವರಿಸದೆ.

ಬೆಳಿಗ್ಗೆ ಶೇಖರ ಮೀನು ಕೊಳ್ಳಲು ದಡಕ್ಕೆ ನಡೆದುಹೋಗಿದ್ದ. (ಕೆಸರಿನ ಇಳಿಜಾರು, ಅಲ್ಲಿಗೆ ಗಾಡಿ ಇಳಿಯುವುದಿಲ್ಲ.) ಮೊಪೆಡ್ ಅಂಗಳದಲ್ಲೇ ಇತ್ತು. ಬಚ್ಚಿಡುವುದನ್ನು ಬಿಟ್ಟು ಹತ್ತು ದಿನವಾಗಿತ್ತಲ್ಲ, ನನ್ನ ಮಾತು ಕೇಳಿ. ಇಬ್ಬರು ಬಂದರು. ಇನ್‌ಶರ್ಟು, ಫೈಲು. ಗಾಡಿ ಯಾರದು ಅಂತ ಕೇಳಿದರು.

“ನೀವು ಕಲ್ಸಿದ್ದು ಹೇಳ್ದೆ ಮೇಷ್ಟ್ರೇ. ಗಾಡಿ ನಮ್ದಲ್ಲ, ಫೈನಾನ್ಸ್‌ನೋರ್ದು ಅಂತ. ಅವ್ರಿಗೆ ಖುಷಿಯಾಯ್ತು. ‘ನಿಮ್ಮಂಥೋರು ಸಿಗೋದಿಲ್ಲ ಅಜ್ಜಿ’ ಅಂದ್ರು. ಮೇಲಿನ ಆಪೀಸ್ನೋರು ಅಂದ್ಕಂಡೆ. ಮಜ್ಜಿಗೆ ಕೊಟ್ಟೆ. ಹೆಬ್ಬೆಟ್ಟು ಕೇಳಿದ್ರು, ಕಾರ್ಡಿಗೆ ಅಂತ ಒತ್ತಿದೆ. ಕೀ ಕೇಳಿದ್ರು. ಚೆಕ್ ಮಾಡಕ್ಕೆ ಅಂದ್ಕಂಡೆ.”

“ಬಾಕ್ಸು?”

“ವಾಸ್ನೆ ಬರ್ತಿತ್ತು. ಆಪೀಸ್ನೋರಿಗೆ ಯಾಕೆ ಕಷ್ಟ ಅಂತ ನಾನೇ ಬಿಚ್ಚಿ ಇಟ್ಕಂಡೆ.”

ಶೇಖರ ಅಮ್ಮನನ್ನು ಬೈಯಲಿಲ್ಲ. ನನ್ನನ್ನೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮಾರನೇ ದಿನ ರಜೆ ಹಾಕಿ ಇಬ್ಬರೂ ಕೊಪ್ಪಕ್ಕೆ ಹೋದೆವು. ಊರ ಹೊರಗೆ ತಗಡಿನ ಬೇಲಿ ಕಟ್ಟಿದ ಒಂದು ಬಯಲು. ಒಳಗೆ ಸಾಲು ಸಾಲು ಬೈಕು, ಮೊಪೆಡ್ಡು, ಎರಡು ಗೂಡ್ಸ್ ಆಟೋ. ಒಂದರ ಮೇಲೆ ಮಗಳ ಹೆಸರು, ಒಂದರ ಮೇಲೆ ದೇವರ ಹೆಸರು, ಒಂದರ ಹ್ಯಾಂಡಲ್ಲಿನಲ್ಲಿ ಆಯುಧಪೂಜೆಯ ಒಣಗಿದ ಹಾರ. ಯಾರ ಯಾರ ಮನೆಯ ಅಂಗಳವನ್ನೋ ಕಿತ್ತು ತಂದು ಒಂದೇ ಕಡೆ ಸುರಿದ ಹಾಗಿತ್ತು. ಶೇಖರ ತನ್ನದನ್ನು ದೂರದಿಂದಲೇ ಗುರುತು ಹಿಡಿದ. ಹತ್ತಿರ ಹೋಗಿ ಸೀಟು ಒರೆಸಿದ.

ಮೇಜಿನ ಹಿಂದೆ ಕೂತಿದ್ದವನು ನಲವತ್ತು ದಾಟಿದವನು, ಹಿಂದೆ ಬಸ್ ಏಜೆಂಟ್ ಆಗಿದ್ದವನು. ಮುಖ ಪರಿಚಯವಿತ್ತು. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದೆ. ನೋಟಿಸ್, ರೂಲ್ಸ್, ಕನ್ಸ್ಯೂಮರ್ ಕೋರ್ಟ್.

ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಒಂದು ಹಾಳೆ ತಿರುಗಿಸಿ ಇಟ್ಟ. “ಸ್ವಇಚ್ಛೆಯಿಂದ ಒಪ್ಪಿಸಿರುತ್ತೇವೆ ಅಂತ ಅದೆ ಸಾರ್. ಅಜ್ಜಿ ಹೆಬ್ಬೆಟ್ಟು. ಕೀ ಸಮೇತ ಕೊಟ್ಟಿದಾರೆ. ನನ್ನ ಸರ್ವಿಸಲ್ಲಿ ಗಾಡಿ ಎತ್ತಕ್ಕೆ ಹೋದೋರಿಗೆ ಮಜ್ಜಿಗೆ ಕೊಟ್ಟಿದ್ದು ಇದೇ ಮೊದ್ಲು.”

“ಎಷ್ಟು ಕಟ್ಟಬೇಕು?”

ಮೂರು ಕಂತು. ಅದಕ್ಕೆ ಬಡ್ಡಿ. ಕಂತು ತಡವಾದದ್ದಕ್ಕೆ ದಂಡ. ಗಾಡಿ ಎತ್ತಿದವರ ಕೂಲಿ. ಈ ಬಯಲಿನಲ್ಲಿ ನಿಂತದ್ದಕ್ಕೆ ಬಾಡಿಗೆ. (ಹೌದು, ಬಾಡಿಗೆ. ಅವರೇ ತಂದು ನಿಲ್ಲಿಸಿದ್ದಕ್ಕೆ.) ಹದಿನೈದು ದಿನದೊಳಗೆ ಕಟ್ಟದಿದ್ದರೆ ಹರಾಜು.

ನಾನು ಪರ್ಸಿನಿಂದ ಕ್ರೆಡಿಟ್ ಕಾರ್ಡ್ ತೆಗೆದು ಮೇಜಿನ ಮೇಲಿಟ್ಟೆ. ಸ್ವಲ್ಪ ಗತ್ತಿನಿಂದಲೇ ಇಟ್ಟೆ ಅನ್ನಿ.

ಅವನು ಅದನ್ನು ಮುಟ್ಟಲೂ ಇಲ್ಲ. “ಕ್ಯಾಶ್ ಮಾತ್ರ ಸಾರ್. ಇದೂ ಸಾಲದ್ದೇ ಅಲ್ದಾ?” ಅಂದ. ಆಮೇಲೆ ದನಿ ತಗ್ಗಿಸಿದ. “ತಪ್ಪು ತಿಳ್ಕೋಬೇಡಿ. ನಾನು ಬರೋ ಬೈಕೂ ಇವ್ರ ಸಾಲದಲ್ಲೇ ಅದೆ. ಈ ತಿಂಗ್ಳು ಇಷ್ಟು ಗಾಡಿ ಎತ್ತದಿದ್ರೆ ನಂದನ್ನೂ ಇಲ್ಲೇ ನಿಲ್ಸಬೇಕು.”

ಹದಿನೈದು ದಿನ ಓಡಾಡಿದೆ. ನಾಗರಾಜ ಒಂದಿಷ್ಟು ಕೊಟ್ಟ. ನಮ್ಮ ಸೊಸೈಟಿಯಲ್ಲಿ ಕೇಳಿದೆ. ಹೆಂಡತಿ ಬಳೆ ಬಿಚ್ಚಿ ಕೊಡಲು ಬಂದಳು, ಆ ಐದು ನಿಮಿಷದ ಬೋರ್ಡಿನ ಅಂಗಡಿಗೆ. ಶೇಖರನೇ ತಡೆದ. “ಬೇಡ ಸಾರ್. ಇದು ಬಿಡಿಸ್ಕಂಡ್ರೂ ಮುಂದಿನ ತಿಂಗ್ಳು ಮತ್ತೆ ಕಂತು ಬರ್ತದೆ. ಮೀನು ತಗಳ್ಳೋರು ಬರಲ್ಲ. ಅಕ್ಕನ ಬಳೆ ಯಾಕೆ ಅದಕ್ಕೆ?” ಲೆಕ್ಕ ಹಾಕಿ ನೋಡಿದೆ, ಅವನು ಹೇಳಿದ್ದೇ ಸರಿ. ಬಿ.ಎ.ಯಲ್ಲಿ ಅರ್ಥಶಾಸ್ತ್ರ ನನ್ನ ಮೇಜರ್ ಸಬ್ಜೆಕ್ಟು.

ಮೊಪೆಡ್ಡು ಹರಾಜಾಯಿತು. ಬಂದ ದುಡ್ಡು ಬಾಕಿಗೆ ಸಾಲಲಿಲ್ಲ. ಕೊರೆಯನ್ನು ಶೇಖರನೇ ಕಟ್ಟಬೇಕಂತೆ. ಈಗ ಅವನು ಬುಟ್ಟಿ ಹೊತ್ತು ಕಡಹಿನಬೈಲಿನ ಆಸುಪಾಸಿನಲ್ಲೇ ಮಾರುತ್ತಾನೆ. ಕೊಪ್ಪಕ್ಕೆ ಬಸ್ಸಿನಲ್ಲಿ ಹೋಗೋಣವೆಂದರೆ ಕಂಡಕ್ಟರು ಮೀನು ಹತ್ತಿಸುವುದಿಲ್ಲ.

ಇರಲಿ, ಅಕ್ಕಿಯಾದರೂ ಉಳಿಯಿತಲ್ಲ ಅಂದುಕೊಂಡೆ.

ಹೋದ ಸೋಮವಾರ ಪಟ್ಟಿ ಬಂತು. ರದ್ದಾದ ಕಾರ್ಡುಗಳ ಪಟ್ಟಿ. ದ್ಯಾವಮ್ಮನ ಹೆಸರಿತ್ತು. ಕಾರಣ: ವಾಹನ ಹೊಂದಿರುತ್ತಾರೆ.

ತಾಲೂಕು ಕಚೇರಿಗೆ ಓಡಿದೆ. ನನ್ನ ಷರಾ ಏನಾಯಿತು ಅಂತ ಕೇಳಿದೆ. ಗುಮಾಸ್ತರು ಪಾಪ ಒಳ್ಳೆಯವರು, ಫಾರಂ ಹುಡುಕಿ ತೆಗೆದರು. ನನ್ನ ದುಂಡು ಅಕ್ಷರ ಹಾಗೇ ಇತ್ತು.

“ಚೆನ್ನಾಗಿ ಬರ್ದಿದೀರಿ ಸಾರ್. ಆದ್ರೆ ಷರಾ ಕಂಪ್ಯೂಟರಿಗೆ ಹೋಗಲ್ಲ. ಅದಕ್ಕೆ ಹೌದು, ಇಲ್ಲ, ಎರಡೇ ಗೊತ್ತಿರೋದು. ನೀವು ಹೌದು ಅಂದಿದೀರಿ.”

“ಈಗ ಗಾಡಿ ಇಲ್ಲವಲ್ಲ!”

“ಇಲ್ಲ ಅನ್ನೋದಕ್ಕೆ ಕಾಗದ ಬೇಕು. ಫೈನಾನ್ಸ್‌ನೋರ ಹತ್ರ ಒಂದು ಲೆಟರ್ ತನ್ನಿ, ಸಾಕು.”

ಮತ್ತೆ ಕೊಪ್ಪ. ಮತ್ತೆ ಆ ಮೇಜು. ಲೆಟರ್ ಕೊಡುತ್ತಾರಂತೆ. ಕೊರೆ ಬಿದ್ದ ಬಾಕಿಯನ್ನೆಲ್ಲ ಕಟ್ಟಿ ಅಕೌಂಟು ಕ್ಲೋಸ್ ಮಾಡಿದ ಮೇಲೆ. “ರೂಲ್ಸ್ ಸಾರ್,” ಅಂದ. ನನ್ನ ಮುಖ ನೋಡದೆ ಅಂದ.

ಅಂದರೆ ಇದು ಸದ್ಯದ ಸ್ಥಿತಿ. ಮೀನು ಮಾರುವ ಶೇಖರನ ಹತ್ತಿರ, ಸರ್ಕಾರದ ಪ್ರಕಾರ, ಒಂದು ವಾಹನ ಇದೆ. ಅದು ಎಲ್ಲಿದೆ? ಯಾರೋ ಅದನ್ನು ಓಡಿಸುತ್ತಿದ್ದಾರೆ. ಯಾರು ಅಂತ ಯಾವ ಕಾಗದದಲ್ಲೂ ಇಲ್ಲ.

ನಿನ್ನೆ ದ್ಯಾವಮ್ಮ ಶಾಲೆಗೇ ಬಂದಿದ್ದಳು, ನಡೆದು. ಸ್ಟಾಫ್‌ರೂಮಿನ ಬಾಗಿಲ ಹೊರಗೇ ನಿಂತಳು. ಒಳಗೆ ಬನ್ನಿ ಅಂದರೂ ಬರಲಿಲ್ಲ. ನಾನೇ ಹೊರಗೆ ಹೋಗಿ ಎಲ್ಲವನ್ನೂ ಹೇಳಿದೆ: ಅಕ್ಕಿಗೆ ಕಾರ್ಡು ಬೇಕು, ಕಾರ್ಡಿಗೆ ಲೆಟರ್ ಬೇಕು, ಲೆಟರಿಗೆ ಬಾಕಿ ಕಟ್ಟಬೇಕು. ಅವಳು ಬೆರಳು ಮಡಚಿ ಎಣಿಸಿಕೊಂಡಳು. ಎರಡು ಸಲ. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದಳು. ಸಿಟ್ಟಿನಿಂದ ಅಲ್ಲ, ನಿಜವಾಗಿಯೂ ತಿಳಿದುಕೊಳ್ಳಲಿಕ್ಕೆ. ನನಗೆ ಗೊತ್ತಾಗಲಿಲ್ಲ, ನಿಮಗೆ ಗೊತ್ತಿದ್ದರೆ ಹೇಳಿ.

“ಅಲ್ಲ ಮೇಷ್ಟ್ರೇ, ಬಡವ್ರು ಅನ್ನಿಸ್ಕಳಕ್ಕೂ ಮೊದ್ಲು ಸಾಲ ತೀರ್ಸಿರ್ಬೇಕಾ?”